ಥೈರಾಯ್ಡ್ ಗಂಟು, ಕ್ಯಾನ್ಸರ್ ಅನುಮಾನ: ಆಪರೇಷನ್‌ಗೆ ಸಹಿ ಹಾಕುವ ಮುಂಚೆ ಕೈಯಲ್ಲಿ ಏನೇನಿರಬೇಕು?

ಚೆಟ್ಟಳ್ಳಿ_ಔಷಧಿಅಂಗಡಿ
ಕೌಂಟರಿಗೆ ಬರುವ ರಿಪೋರ್ಟ್‌ಗಳಲ್ಲಿ ಒಂದೇ ಥರದ್ದು ಮತ್ತೆ ಮತ್ತೆ ಕಾಣುತ್ತೆ. ಮಾದರಿಗೆ ಒಂದನ್ನು ಇಲ್ಲಿ ಹಾಕಿದ್ದೇನೆ. ಇದು ಯಾರೊಬ್ಬರದ್ದೂ ಅಲ್ಲ, ಹತ್ತಾರು ರಿಪೋರ್ಟ್ ಸೇರಿಸಿ ಬರೆದದ್ದು.

"ಹೆಣ್ಣು, 42 ವರ್ಷ. ಬಲ ಹಾಲೆಯಲ್ಲಿ 18 x 14 x 16 ಮಿ.ಮೀ. ಘನ ಗಂಟು, ಹೈಪೋಎಕೋಯಿಕ್, ಅಂಚು ಅಸಮ, ಒಳಗೆ ಸಣ್ಣ ಚುಕ್ಕಿ ಕ್ಯಾಲ್ಸಿಫಿಕೇಶನ್. ಟೈರಾಡ್ಸ್ 5. ಎಫ್‌ಎನ್‌ಎಸಿ: ಬೆಥೆಸ್ಡಾ 5. ಟಿಎಸ್‌ಎಚ್ 2.8."

(ಹಾಲೆ ಅಂದರೆ ಥೈರಾಯ್ಡ್ ಗ್ರಂಥಿಯ ಒಂದು ಬದಿ, ಹೈಪೋಎಕೋಯಿಕ್ ಅಂದರೆ ಸ್ಕ್ಯಾನ್‌ನಲ್ಲಿ ಕಪ್ಪಗೆ ಕಾಣೋದು, ಎಫ್‌ಎನ್‌ಎಸಿ ಅಂದರೆ ಸಣ್ಣ ಸೂಜಿಯಲ್ಲಿ ಕೋಶ ತೆಗೆದು ನೋಡೋದು, ಟಿಎಸ್‌ಎಚ್ ಅಂದರೆ ಥೈರಾಯ್ಡ್ ಕೆಲಸ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ.) ಇಷ್ಟು ಹಿಡಿದುಕೊಂಡು "ಪೂರ್ತಿ ಗ್ರಂಥಿ ತೆಗೀಬೇಕಂತೆ, ಮುಂದಿನ ವಾರ ಅಡ್ಮಿಟ್" ಅಂತ ಬರ್ತಾರೆ. ಅವರು ಕೇಳೋದು ಮೂರೇ ಪ್ರಶ್ನೆ. ಇದು ಕ್ಯಾನ್ಸರೇ ಅಂತ ಗ್ಯಾರಂಟಿಯಾ? ಅರ್ಧ ತೆಗೆದರೆ ಸಾಲದಾ? ಕಾಫಿ ಕುಯ್ಲು ಮುಗಿಯೋವರೆಗೆ ತಡೀಬಹುದಾ? ವಿಷಯ ಗೊತ್ತಿರುವವರು ಬರೆಯಿರಿ. ಲಿಂಕ್ ಬೇಡ, ನೇರ ಮಾತು ಸಾಕು.

ಸೂಜಿಗಾಜು
ಸೈಟಾಲಜಿ, ಅಂದರೆ ಜೀವಕೋಶ ಪರೀಕ್ಷೆಯ ಕಡೆಯಿಂದ ಮೊದಲು ಒಂದು ಗಾಬರಿ ಇಳಿಸುತ್ತೇನೆ. ಬೆಥೆಸ್ಡಾ 5 ಅಂದರೆ ಐದನೇ ಸ್ಟೇಜ್ ಅಲ್ಲ. ಟೈರಾಡ್ಸ್ 5 ಕೂಡ ಅಲ್ಲ. ಟೈರಾಡ್ಸ್ ಅನ್ನೋದು ಸ್ಕ್ಯಾನ್‌ನಲ್ಲಿ ಗಂಟು ಹೇಗೆ ಕಾಣುತ್ತೆ ಅನ್ನೋದಕ್ಕೆ ಅಂಕ. ಬೆಥೆಸ್ಡಾ ಅನ್ನೋದು ಸೂಜಿಯಲ್ಲಿ ಬಂದ ಜೀವಕೋಶ ಹೇಗಿವೆ ಅನ್ನೋದಕ್ಕೆ ವರ್ಗ. ಸ್ಟೇಜ್ ಬೇರೆಯೇ ಲೆಕ್ಕ, ಅದು ಗೊತ್ತಾಗೋದು ಆಪರೇಷನ್ ಆದ ಮೇಲೆ. ಥೈರಾಯ್ಡ್ ಕ್ಯಾನ್ಸರ್‌ನ ಪ್ಯಾಪಿಲ್ಲರಿ ಮತ್ತು ಫಾಲಿಕ್ಯುಲರ್ ಬಗೆಗಳಲ್ಲಿ 55 ವರ್ಷದೊಳಗಿನವರಿಗೆ ಸ್ಟೇಜ್ ಇರೋದೇ ಎರಡು, ಒಂದು ಮತ್ತು ಎರಡು. ಕುತ್ತಿಗೆಯ ಲಿಂಫ್ ನೋಡ್‌ಗೆ (ದುಗ್ಧ ಗ್ರಂಥಿಗೆ) ಹರಡಿದ್ದರೂ ಒಂದನೇ ಸ್ಟೇಜೇ.

ಬೆಥೆಸ್ಡಾದಲ್ಲಿ ಆರು ವರ್ಗ. 2023ರ ಮೂರನೇ ಆವೃತ್ತಿಯ ಸರಾಸರಿ ಪ್ರಕಾರ ಕ್ಯಾನ್ಸರ್ ಇರುವ ಸಾಧ್ಯತೆ ಎರಡನೇ ವರ್ಗದಲ್ಲಿ ಶೇ 4, ಮೂರರಲ್ಲಿ ಶೇ 22, ನಾಲ್ಕರಲ್ಲಿ ಶೇ 30, ಐದರಲ್ಲಿ ಶೇ 74, ಆರರಲ್ಲಿ ಶೇ 97. ಒಂದನೇ ವರ್ಗ ಅಂದರೆ "ಮಾಲು ಸಾಲಲಿಲ್ಲ" ಅಂತ, "ಏನೂ ಇಲ್ಲ" ಅಂತಲ್ಲ. ಸುಮಾರು ಹತ್ತು ಜೀವಕೋಶದ ಗುಂಪು ಕನಿಷ್ಠ ಆರಾದರೂ ಗಾಜಿನ ಮೇಲೆ ಕಾಣದಿದ್ದರೆ ಆ ವರ್ಗಕ್ಕೆ ಹಾಕ್ತೇವೆ. ಅಂಥದ್ದಕ್ಕೆ ಮತ್ತೆ ಸೂಜಿ ಹಾಕಲೇಬೇಕು.

ಅಂದರೆ ಮಾದರಿ ರಿಪೋರ್ಟ್‌ನಲ್ಲಿ ನಾಲ್ಕಕ್ಕೆ ಮೂರು ಪಾಲು ಹೌದು, ಒಂದು ಪಾಲು ಅಲ್ಲ. ಆ ಒಂದು ಪಾಲು ಸಣ್ಣದಲ್ಲ. ಹಶಿಮೊಟೊ ಉರಿಯೂತ (ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡೋದು) ಇರುವ ಗ್ರಂಥಿಯಲ್ಲಿ ಜೀವಕೋಶಗಳು ಸುಮ್ಮನೆ ಉಬ್ಬಿ ಕ್ಯಾನ್ಸರ್ ಥರ ಕಾಣುತ್ತವೆ. ಸ್ಲೈಡ್ ದಪ್ಪಗೆ ಎಳೆದಿದ್ದರೆ, ರಕ್ತವೇ ತುಂಬಿದ್ದರೆ, ಆಲ್ಕೋಹಾಲ್‌ಗೆ ಹಾಕೋದು ತಡವಾಗಿ ಅರೆಬರೆ ಒಣಗಿದ್ದರೆ, ಕೋಶದ ನ್ಯೂಕ್ಲಿಯಸ್ ನೋಡಿ ತೀರ್ಮಾನ ಹೇಳೋದೇ ಕಷ್ಟ. ಅದಕ್ಕೇ ದೊಡ್ಡ ಆಸ್ಪತ್ರೆಗೆ ಹೋಗುವಾಗ ಕಾಗದ ಮಾತ್ರ ಒಯ್ಯಬೇಡಿ, ಗಾಜಿನ ಸ್ಲೈಡ್‌ಗಳನ್ನೇ ಕೇಳಿ ಪಡೆದು ಒಯ್ಯಿರಿ. ಲ್ಯಾಬ್‌ನವರು ಪ್ಲಾಸ್ಟಿಕ್ ಸ್ಲೈಡ್ ಡಬ್ಬಿಯಲ್ಲಿ ಹಾಕಿ ಕೊಡ್ತಾರೆ, ಸಹಿ ಮಾಡಿ ತಗೊಳ್ಳಬೇಕು. ಅಲ್ಲಿನ ಪೆಥಾಲಜಿಸ್ಟ್ ಎರಡನೇ ಸಲ ನೋಡಿದರೆ ವರ್ಗ ಬದಲಾಗೋದುಂಟು.

ಕಾಫಿಕುಯ್ಲು
ಮೇಡಂ, ಒಂದು ಸಂಶಯ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತ ನಮ್ಮ ಕಡೆ ಎಲ್ಲರೂ ಹೇಳ್ತಾರೆ. ಹೌದಾ?

ಸೂಜಿಗಾಜು
ಹಾಗೇನಿಲ್ಲ. ಬಳಸೋದು 23ರಿಂದ 27 ಗೇಜ್ ಸೂಜಿ, ರಕ್ತ ತೆಗೆಯೋ ಸೂಜಿಗಿಂತ ಸಣ್ಣದು. ದಾರಿಯುದ್ದಕ್ಕೂ ಕ್ಯಾನ್ಸರ್ ಕೋಶ ನೆಟ್ಟು ಬೆಳೆಯೋದು ಅತ್ಯಂತ ಅಪರೂಪ. ಆ ಭಯಕ್ಕೆ ಸೂಜಿ ಬಿಟ್ಟು ಸೀದಾ ಕತ್ತು ಕೊಯ್ಯಿಸಿಕೊಂಡರೆ ಬೇಡದ ಆಪರೇಷನ್ ಆಗುವ ಸಾಧ್ಯತೆ ಎಷ್ಟೋ ಪಾಲು ಹೆಚ್ಚು.

ಸೂಜಿಗೆ ಸಿಗದ ಒಂದು ವಿಷಯವೂ ಇದೆ. ಬೆಥೆಸ್ಡಾ 4, ಅಂದರೆ ಫಾಲಿಕ್ಯುಲರ್ ಗಂಟು. ಅದು ಸಾಧುವೋ ಕ್ಯಾನ್ಸರೋ ಅನ್ನೋದು ಕೋಶದ ಮುಖದಲ್ಲಿ ಬರೆದಿರೋದಿಲ್ಲ, ಗಂಟಿನ ಸಿಪ್ಪೆಯನ್ನೋ ರಕ್ತನಾಳವನ್ನೋ ಕೋಶಗಳು ತೂರಿವೆಯಾ ಅನ್ನೋದರಲ್ಲಿರುತ್ತೆ. ಅದು ಗೊತ್ತಾಗಬೇಕಾದರೆ ಗಂಟನ್ನು ಇಡಿಯಾಗಿ ತೆಗೆದು ಸಿಪ್ಪೆಯ ಸುತ್ತಲೂ ಕತ್ತರಿಸಿ ನೋಡಬೇಕು. ಎಷ್ಟು ಸಲ ಸೂಜಿ ಹಾಕಿದರೂ ಉತ್ತರ ಅದೇ ಬರುತ್ತೆ. ಆಪರೇಷನ್ ನಡುವೆ ತುಂಡನ್ನು ಹೆಪ್ಪುಗಟ್ಟಿಸಿ ಆಗಲೇ ನೋಡುವ ಫ್ರೋಜನ್ ಸೆಕ್ಷನ್ ಕೂಡ ಇದರಲ್ಲಿ ಹೆಚ್ಚು ನೆರವಾಗಲ್ಲ. ಆದರೆ ಬೆಥೆಸ್ಡಾ 5ರಲ್ಲಿ, ಪ್ಯಾಪಿಲ್ಲರಿ ಅನುಮಾನಕ್ಕೆ, ಅದು ಪ್ರಯೋಜನಕ್ಕೆ ಬರಬಹುದು.

ಕಪ್ಪುಬಿಳುಪು
ಸ್ಕ್ಯಾನ್ ಮಾಡೋನಾಗಿ ಹೇಳ್ತೇನೆ, ಆ ಮಾದರಿ ರಿಪೋರ್ಟ್‌ನಲ್ಲಿ ಏನಿದೆ ಅನ್ನೋದಕ್ಕಿಂತ ಏನಿಲ್ಲ ಅಂತ ನೋಡಿ. ಅಂಕ ಸರಿಯಾಗಿದೆ: ಘನಕ್ಕೆ 2, ಹೈಪೋಎಕೋಯಿಕ್‌ಗೆ 2, ಅಸಮ ಅಂಚಿಗೆ 2, ಚುಕ್ಕಿಗೆ 3, ಒಟ್ಟು 9. ಏಳು ಅಥವಾ ಹೆಚ್ಚಾದರೆ ಟೈರಾಡ್ಸ್ 5, ಅದು 1 ಸೆಂ.ಮೀ. ಮುಟ್ಟಿದರೆ ಸೂಜಿ. ಟೈರಾಡ್ಸ್ 4ಕ್ಕೆ ಒಂದೂವರೆ ಸೆಂ.ಮೀ., 3ಕ್ಕೆ ಎರಡೂವರೆ. ಅಲ್ಲಿವರೆಗೆ ಸರಿ.

ಇಲ್ಲದ್ದು: ಎಡ ಹಾಲೆ ಹೇಗಿದೆ? ಒಂದು ಮಾತಿಲ್ಲ. ಕುತ್ತಿಗೆಯ ಲಿಂಫ್ ನೋಡ್‌ಗಳು? ಒಂದು ಮಾತಿಲ್ಲ. ಗಂಟು ಗ್ರಂಥಿಯ ಹಿಂಬದಿಗೆ, ಸ್ವರದ ನರ ಹೋಗುವ ಜಾಗಕ್ಕೆ ಒತ್ತಿಕೊಂಡಿದೆಯಾ, ಶ್ವಾಸನಾಳಕ್ಕೆ ಅಂಟಿದೆಯಾ, ಮುಂದಿನ ಸ್ನಾಯುವನ್ನು ತೂರಿದೆಯಾ? ಅದೂ ಇಲ್ಲ. ಅರ್ಧವೋ ಪೂರ್ತಿಯೋ ಅನ್ನೋದು ನಿಲ್ಲೋದೇ ಈ ಮೂರರ ಮೇಲೆ. ಇದಿಲ್ಲದೆ "ಪೂರ್ತಿ ತೆಗೀಬೇಕು" ಅನ್ನೋದೂ ತಪ್ಪು, "ಅರ್ಧ ಸಾಕು" ಅನ್ನೋದೂ ತಪ್ಪು.

ಹಾಗಾಗಿ ಆಪರೇಷನ್‌ಗೆ ಮುಂಚೆ ನೋಡ್ ಮ್ಯಾಪಿಂಗ್ ಬೇಕು. ಎರಡೂ ಬದಿ, ಕುತ್ತಿಗೆಯ 2ನೇ ಮಟ್ಟದಿಂದ 6ನೇ ಮಟ್ಟದವರೆಗೆ. ಚೀಟಿಯಲ್ಲಿ ಬರೀ "ಥೈರಾಯ್ಡ್ ಸ್ಕ್ಯಾನ್" ಅಂತ ಬರೆಸಬೇಡಿ, "ಥೈರಾಯ್ಡ್ ಮತ್ತು ಕುತ್ತಿಗೆಯ ನೋಡ್‌ಗಳು" ಅಂತಲೇ ಬರೆಸಿ. ಒಳ್ಳೆ ನೋಡ್ ಹುರುಳಿ ಬೀಜದ ಆಕಾರ, ನಡುವೆ ಬಿಳಿ ಕೊಬ್ಬಿನ ಗೆರೆ. ಕೆಟ್ಟದ್ದು ಗುಂಡಗಾಗಿರುತ್ತೆ, ಆ ಗೆರೆ ಮಾಯ, ಒಳಗೆ ನೀರೋ ಚುಕ್ಕಿಯೋ. ಅಂಥದ್ದು ಕಂಡರೆ ಅದಕ್ಕೂ ಸೂಜಿ, ಜೊತೆಗೆ ಆ ಸೂಜಿಯನ್ನು 1 ಮಿ.ಲೀ. ಸಲೈನ್‌ನಲ್ಲಿ ತೊಳೆದು ಆ ನೀರಿನಲ್ಲಿ ಥೈರೋಗ್ಲೋಬುಲಿನ್, ಅಂದರೆ ಥೈರಾಯ್ಡ್ ಕೋಶ ಮಾಡುವ ಪ್ರೋಟೀನ್, ಅಳೆಯೋದು. ನೋಡ್‌ನಲ್ಲಿ ಆ ಪ್ರೋಟೀನ್ ಇರಲು ಕಾರಣವೇ ಇಲ್ಲ, ಇದ್ದರೆ ಹರಡಿದೆ ಅಂತಲೇ ಲೆಕ್ಕ.

ಗಂಟು ದೊಡ್ಡದು, ಎದೆಗೂಡಿನೊಳಗೆ ಇಳಿದಿದೆ ಅಥವಾ ಶ್ವಾಸನಾಳಕ್ಕೆ ಅಂಟಿದ ಅನುಮಾನ ಅಂತಾದರೆ ಮಾತ್ರ ಕಾಂಟ್ರಾಸ್ಟ್ ಸಿಟಿ. ಅದರಲ್ಲಿ ಅಯೋಡಿನ್ ಇರುತ್ತೆ, ಆಮೇಲೆ ರೇಡಿಯೋ ಅಯೋಡಿನ್ (ಉಳಿದ ಥೈರಾಯ್ಡ್ ಕೋಶಗಳನ್ನು ಸುಡುವ ವಿಕಿರಣ ಔಷಧಿ) ಕೊಡೋದಾದರೆ ಒಂದೆರಡು ತಿಂಗಳು ಕಾಯಬೇಕು. ಆದರೆ ಆ ಕಾರಣಕ್ಕೆ ಬೇಕಾದ ಸಿಟಿಯನ್ನು ಬಿಡೋದು ಬೇಡ.

ಹದಿನೈದನೇ_ಬ್ಲೇಡ್
ಅರ್ಧವೋ ಪೂರ್ತಿಯೋ ಅನ್ನೋದಕ್ಕೆ ಈಗ ಬರ್ತೇನೆ.

ಪ್ಯಾಪಿಲ್ಲರಿ ಕ್ಯಾನ್ಸರ್ 4 ಸೆಂ.ಮೀ. ದಾಟಿದ್ದರೆ, ಗ್ರಂಥಿಯಿಂದ ಹೊರಗೆ ತೂರಿದ್ದರೆ, ನೋಡ್‌ಗೋ ದೂರದ ಅಂಗಕ್ಕೋ ಹರಡಿದ್ದು ಖಚಿತವಾಗಿದ್ದರೆ ಪೂರ್ತಿ ತೆಗೆಯೋದು. ಅದರಲ್ಲಿ ಚರ್ಚೆ ಇಲ್ಲ. 1 ಸೆಂ.ಮೀ. ಒಳಗೆ, ಒಂದೇ ಬದಿ, ಹರಡಿಲ್ಲ: ತೆಗೆಯೋದಾದರೆ ಅರ್ಧ ಸಾಕು. ನಡುವಿನದ್ದು, 1ರಿಂದ 4 ಸೆಂ.ಮೀ., ಅಲ್ಲಿ ಎರಡೂ ಒಪ್ಪಿತ ದಾರಿ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲೇ ಹಾಗೆ ಬರೆದಿತ್ತು. ನಮ್ಮ ಮಾದರಿಯ 18 ಮಿ.ಮೀ. ಬರೋದು ಇಲ್ಲಿ. ನೋಡ್ ಸ್ವಚ್ಛ, ಎಡ ಹಾಲೆ ಸ್ವಚ್ಛ ಅಂತ ಸ್ಕ್ಯಾನ್ ಹೇಳಿದರೆ ನಾನು ಅರ್ಧದ ಕಡೆ. ಕ್ಯಾನ್ಸರ್ ಅಲ್ಲದೆ ಇರೋ ಕಾಲು ಪಾಲು ಸಾಧ್ಯತೆಯೂ ಇರೋವಾಗ ಇನ್ನೂ ಹೆಚ್ಚಿಗೆ.

ಲಾಭ ನಷ್ಟ ಬಿಡಿಸಿ ಹೇಳ್ತೇನೆ. ಸ್ವರದ ನರ ಎರಡು, ಬದಿಗೊಂದು. ರಕ್ತದ ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿ ನಾಲ್ಕು, ಬದಿಗೆರಡು, ತೊಗರಿಬೇಳೆಯಷ್ಟು ದೊಡ್ಡದು, ಕೊಬ್ಬಿನ ಬಣ್ಣದ್ದೇ. ಅರ್ಧ ತೆಗೆದರೆ ಇನ್ನೊಂದು ಬದಿ ಮುಟ್ಟೋದಿಲ್ಲ, ಹಾಗಾಗಿ ಕ್ಯಾಲ್ಸಿಯಂ ಕಾಯಂ ಕುಸಿಯೋ ಪ್ರಶ್ನೆ ಹೆಚ್ಚುಕಮ್ಮಿ ಇಲ್ಲ, ಎರಡೂ ನರ ಒಟ್ಟಿಗೆ ಕೈಕೊಡೋದೂ ಇಲ್ಲ. ಪೂರ್ತಿ ತೆಗೆದರೆ ನುರಿತ ಕೈಯಲ್ಲೂ ನಾಲ್ಕೈದರಲ್ಲಿ ಒಬ್ಬರಿಗೆ ಕೆಲವು ವಾರ ಕ್ಯಾಲ್ಸಿಯಂ ಇಳಿಯುತ್ತೆ, ನೂರರಲ್ಲಿ ಒಬ್ಬರಿಂದ ಮೂವರಿಗೆ ಕಾಯಂ. ನುರಿತ ಕೈ ಅಂದರೆ? ವರ್ಷಕ್ಕೆ 25ಕ್ಕಿಂತ ಹೆಚ್ಚು ಪೂರ್ತಿ ಥೈರಾಯ್ಡ್ ತೆಗೆಯುವವರಲ್ಲಿ ತೊಡಕು ಕಡಿಮೆ ಅಂತ 2017ರ ದೊಡ್ಡ ಅಧ್ಯಯನವೊಂದು ತೋರಿಸಿತ್ತು. "ಡಾಕ್ಟ್ರೇ, ನೀವು ವರ್ಷಕ್ಕೆ ಎಷ್ಟು ಮಾಡ್ತೀರಿ" ಅಂತ ಕೇಳೋದು ಅವಮಾನ ಏನಲ್ಲ. ಕೇಳಿ.

ಅರ್ಧದ ನಷ್ಟ: ಅಂತಿಮ ಬಯಾಪ್ಸಿಯಲ್ಲಿ ರಕ್ತನಾಳ ತೂರಿದ್ದು, ಉಗ್ರ ಬಗೆ ಅಂತೇನಾದರೂ ಬಂದರೆ ಉಳಿದರ್ಧಕ್ಕೆ ಇನ್ನೊಂದು ಆಪರೇಷನ್. ಪೂರ್ತಿ ತೆಗೆದವರ ಹಾಗೆ ದಿನಾ ಥೈರಾಯ್ಡ್ ಹಾರ್ಮೋನ್ ಮಾತ್ರೆ ಬೇಡ ಅಂತಲೂ ಖಾತ್ರಿ ಕೊಡೋಕಾಗಲ್ಲ, ನಾಲ್ವರಲ್ಲಿ ಒಬ್ಬರಿಗಾದರೂ ಬೇಕಾಗುತ್ತೆ, ಮೊದಲೇ ಟಿಎಸ್‌ಎಚ್ ಮೇಲಿದ್ದವರಿಗೆ ಇನ್ನೂ ಹೆಚ್ಚು.

ಮಾಂದಲಪಟ್ಟಿ_ಹಾರ್ಮೋನ್
> ನೋಡ್ ಸ್ವಚ್ಛ ಇದ್ದರೆ ನಾನು ಅರ್ಧದ ಕಡೆ

ಪುಸ್ತಕದಲ್ಲಿ ಒಪ್ತೇನೆ ಸರ್. ಆದರೆ ಕೊಡಗಿನ ಲೆಕ್ಕ ಸ್ವಲ್ಪ ಬೇರೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಸುಮಾರು 140, ಬೆಂಗಳೂರು ಸುಮಾರು 260. ಅರ್ಧ ತೆಗೆದ ಮೇಲೆ ಉಳಿದರ್ಧವನ್ನು ಆರು ತಿಂಗಳಿಗೋ ವರ್ಷಕ್ಕೋ ಒಳ್ಳೆ ಸ್ಕ್ಯಾನ್ ಮಾಡಿಸ್ತಾ ಇರಬೇಕು. ಥೈರೋಗ್ಲೋಬುಲಿನ್ ರಕ್ತಪರೀಕ್ಷೆಗೆ ಆಗ ಅರ್ಥ ಕಡಿಮೆ, ಉಳಿದ ಗ್ರಂಥಿಯೇ ಅದನ್ನು ಸುರಿಸ್ತಾ ಇರುತ್ತಲ್ಲ. ಪೂರ್ತಿ ತೆಗೆದಿದ್ದರೆ ಒಂದು ಟ್ಯೂಬ್ ರಕ್ತ, ಜೊತೆಗೆ ಥೈರೋಗ್ಲೋಬುಲಿನ್ ಆ್ಯಂಟಿಬಾಡಿ, ಸ್ಯಾಂಪಲ್ ಊರಿಂದಲೇ ಕಳಿಸಬಹುದು. ಎರಡನೇ ಆಪರೇಷನ್ ಅಂದರೆ ಮತ್ತೆ ಅಡ್ಮಿಟ್, ಮತ್ತೆ ಜೊತೆಗೊಬ್ಬರು, ತೋಟದಲ್ಲಿ ಆಳಿಲ್ಲ. ಇದನ್ನೂ ತೂಗಬೇಕು.

ಹದಿನೈದನೇ_ಬ್ಲೇಡ್
ಅದೇ ದೂರವನ್ನೇ ನಾನು ತಿರುಗಿಸಿ ಹೇಳ್ತೇನೆ ಮೇಡಂ. ಪೂರ್ತಿ ತೆಗೆಸಿಕೊಂಡು ಮೂರನೇ ದಿನ ಭಾಗಮಂಡಲದ ಆಚೆ ಮನೆಗೆ ಹೋಗಿದ್ದಾರೆ, ಜುಲೈ ತಿಂಗಳು. ಕ್ಯಾಲ್ಸಿಯಂ ಅತಿ ಕೆಳಗಿಳಿಯೋದು ಸಾಮಾನ್ಯವಾಗಿ ಎರಡನೇ, ಮೂರನೇ, ನಾಲ್ಕನೇ ದಿನವೇ. ರಾತ್ರಿ ಕೈ ಸೆಟೆದರೆ ಬೇಕಾದ್ದು ಡ್ರಿಪ್‌ನಲ್ಲಿ ನಿಧಾನಕ್ಕೆ ಹೋಗುವ ಕ್ಯಾಲ್ಸಿಯಂ ಗ್ಲುಕೋನೇಟ್. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಕುಸಿದು ಮಂಗಳೂರು ಕಡೆಗೆ ಹೋಗೋ ದಾರಿ ಮುಚ್ಚಿತ್ತು, ಮರೆತಿಲ್ಲ ತಾನೇ? ಸ್ಕ್ಯಾನ್ ತಪ್ಪಿದರೆ ಮುಂದಿನ ತಿಂಗಳು ಮಾಡಿಸಬಹುದು. ಕ್ಯಾಲ್ಸಿಯಂ ಮುಂದಿನ ತಿಂಗಳವರೆಗೆ ಕಾಯಲ್ಲ.

ಮಾಂದಲಪಟ್ಟಿ_ಹಾರ್ಮೋನ್
ಈ ಮಾತಿಗೆ ಎದುರಿಲ್ಲ. ಹಾಗಿದ್ದರೆ ಪೂರ್ತಿ ತೆಗೆಸಿಕೊಳ್ಳುವವರು ಮಳೆಗಾಲದಲ್ಲಿ ಕನಿಷ್ಠ ಒಂದು ವಾರ ಆಸ್ಪತ್ರೆ ಇರುವ ಊರಲ್ಲೇ ನೆಂಟರ ಮನೆಯಲ್ಲಿ ಉಳೀಲಿ. ಮತ್ತೆ ಆಪರೇಷನ್‌ಗೆ ಮುಂಚೆ ವಿಟಮಿನ್ ಡಿ ನೋಡಿಸಿ, ಕಡಿಮೆ ಇದ್ದರೆ ತುಂಬಿಸಿಕೊಂಡೇ ಹೋಗಿ. ಮಳೆಗಾಲ ಪೂರ್ತಿ ಬಿಸಿಲು ಕಾಣದ ಜಿಲ್ಲೆ ನಮ್ಮದು, ಕಡಿಮೆ ಇರೋದೇ ಹೆಚ್ಚು ಅಂತ ನನ್ನ ಅಂದಾಜು.

ರಕ್ತಪರೀಕ್ಷೆ ವಿಷಯಕ್ಕೆ ಇನ್ನೆರಡು. ಕೂದಲು ಉದುರೋದಕ್ಕೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ದರೆ ಎರಡು ದಿನ ಮುಂಚೆಯೇ ನಿಲ್ಲಿಸಿ, ಹೆಚ್ಚಿನ ಡೋಸ್ ಆದರೆ ಇನ್ನೂ ಮುಂಚೆ. ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತೆ. ಇನ್ನೊಂದು, ಟಿಎಸ್‌ಎಚ್ ನಿಜಕ್ಕೂ ಕಡಿಮೆ ಇದ್ದರೆ ಸೂಜಿಗೂ ಮೊದಲು ಟೆಕ್ನೀಷಿಯಂ ಸ್ಕ್ಯಾನ್. ಗಂಟೇ ಹಾರ್ಮೋನ್ ಹೊರಹಾಕ್ತಾ "ಹಾಟ್" ಆಗಿದ್ದರೆ ಅದು ಕ್ಯಾನ್ಸರ್ ಆಗಿರೋದು ಅಪರೂಪ, ಚಿಕಿತ್ಸೆಯ ದಾರಿಯೇ ಬೇರೆ.

ಚೆಟ್ಟಳ್ಳಿ_ಔಷಧಿಅಂಗಡಿ
ಕ್ಯಾಲ್ಸಿಟೋನಿನ್ ಅಂತ ಕೆಲವು ಚೀಟಿಯಲ್ಲಿ ಇರುತ್ತೆ, ಕೆಲವದರಲ್ಲಿ ಇರಲ್ಲ. ಬೇಕಾ?

ಹದಿನೈದನೇ_ಬ್ಲೇಡ್
ಎಲ್ಲ ಗಂಟಿಗೂ ಬೇಕಾ ಅನ್ನೋದರಲ್ಲಿ ಭಿನ್ನಾಭಿಪ್ರಾಯ ಇದೆ. ಬೆಥೆಸ್ಡಾ 5, 6 ಆಗಿ ಟೇಬಲ್‌ಗೆ ಹೋಗುವವರಿಗೆ ನಾನಂತೂ ಬೇಕು ಅನ್ನುವವನು. ಕಾರಣ ಮೆಡುಲ್ಲರಿ ಕ್ಯಾನ್ಸರ್, ಈ ಕ್ಯಾಲ್ಸಿಟೋನಿನ್ ಹಾರ್ಮೋನನ್ನು ರಕ್ತಕ್ಕೆ ಸುರಿಸುವ ಬಗೆ. ಸೂಜಿಯಲ್ಲಿ ಅದು ವೇಷ ಮರೆಸಿ ಬರಬಲ್ಲದು. ಅದಾಗಿದ್ದರೆ ಅರ್ಧದ ಮಾತೇ ಇಲ್ಲ, ಪೂರ್ತಿ ಗ್ರಂಥಿ ಜೊತೆಗೆ ನಡು ಕುತ್ತಿಗೆಯ ನೋಡ್‌ಗಳೂ ಹೋಗಬೇಕು. ರೇಡಿಯೋ ಅಯೋಡಿನ್ ಅದಕ್ಕೆ ನಾಟೋದಿಲ್ಲ.

ಅದಕ್ಕಿಂತ ಮುಖ್ಯ, ಮೆಡುಲ್ಲರಿಯಲ್ಲಿ ನಾಲ್ಕರಲ್ಲೊಂದು ಪಾಲು ವಂಶದಲ್ಲಿ ಬರುವಂಥದ್ದು, ರೆಟ್ ಜೀನ್‌ನಿಂದ. ಅಂಥವರ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೋಸೈಟೋಮ, ಅಂದರೆ ಬಿಪಿ ಏರಿಸುವ ಹಾರ್ಮೋನ್ ಸುರಿಸುವ ಗಡ್ಡೆ, ಅಡಗಿರಬಹುದು. ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಬಿಪಿ ಆಕಾಶಕ್ಕೆ ಹಾರುತ್ತೆ, ಪ್ರಾಣಕ್ಕೇ ಕುತ್ತು. ಅದಕ್ಕೆ ಮೆಟನೆಫ್ರಿನ್ ಪರೀಕ್ಷೆ ಮೊದಲು, ಗಡ್ಡೆ ಇದ್ದರೆ ಅದನ್ನು ಮೊದಲು ತೆಗೆದು ಆಮೇಲೆ ಕುತ್ತಿಗೆ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್, ಚಿಕ್ಕ ವಯಸ್ಸಲ್ಲೇ ವಿಪರೀತ ಬಿಪಿ, ಆಪರೇಷನ್ ಟೇಬಲ್ ಮೇಲೆ ಹಠಾತ್ ಸಾವು ಅಂತ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ನಮ್ಮಲ್ಲಿ ಇಂಥದ್ದನ್ನು "ಅದೆಲ್ಲ ಹಳೇ ಕಥೆ" ಅಂತ ಮುಚ್ಚಿಡೋದೇ ಜಾಸ್ತಿ.

ಕಾಫಿಕುಯ್ಲು
ಸರಿ, ಕುಯ್ಲು ಮುಗಿಯೋವರೆಗೆ ತಡೀಬಹುದಾ ಅನ್ನೋ ಪ್ರಶ್ನೆಗೆ ಇನ್ನೂ ಯಾರೂ ಬಂದಿಲ್ಲ. ಅರೇಬಿಕಾ ನವೆಂಬರ್‌ನಿಂದ ಜನವರಿ, ಅದರ ಹಿಂದೆಯೇ ರೊಬಸ್ಟಾ ಮಾರ್ಚ್‌ವರೆಗೆ. ನವೆಂಬರ್‌ನಲ್ಲಿ ರಿಪೋರ್ಟ್ ಬಂದರೆ ಏನು ಮಾಡೋದು?

ಮಾಂದಲಪಟ್ಟಿ_ಹಾರ್ಮೋನ್
ಅಣ್ಣ, ಯಾವ ಬಗೆ ಅನ್ನೋದರ ಮೇಲೆ. ಮಾದರಿಯಲ್ಲಿರುವಂಥ ಪ್ಯಾಪಿಲ್ಲರಿ ಅನುಮಾನ, ನೋಡ್ ಸ್ವಚ್ಛ, ಸ್ವರ ಸರಿ, ಬೆಳವಣಿಗೆ ನಿಧಾನ ಅಂತಾದರೆ ಕೆಲವು ವಾರ, ಬೇಕಿದ್ದರೆ ಕೆಲವು ತಿಂಗಳು ತಡೆಯೋದರಿಂದ ಫಲಿತಾಂಶ ಕೆಡೋದಿಲ್ಲ. ಗರ್ಭಿಣಿಯರಲ್ಲಿ ಕಂಡರೂ ಸಾಮಾನ್ಯವಾಗಿ ಹೆರಿಗೆ ಆಗಲಿ ಅಂತಲೇ ಬಿಡ್ತೇವೆ, ನಡುವೆ ಸ್ಕ್ಯಾನ್ ಮಾಡ್ತಾ ಇರ್ತೇವೆ, ಬೆಳೆದರೆ ಮಾತ್ರ ನಾಲ್ಕರಿಂದ ಆರನೇ ತಿಂಗಳೊಳಗೆ ಆಪರೇಷನ್. ಆದರೆ ಈ ತಡೆಯೋ ನಿರ್ಧಾರ ಡಾಕ್ಟರ್ ಬಾಯಿಂದ ಬರಬೇಕು, ಮುಂದಿನ ಸ್ಕ್ಯಾನ್ ತಾರೀಕು ಸಮೇತ. "ಕುಯ್ಲು ಮುಗೀಲಿ" ಅಂದವರು ಆಮೇಲೆ ಹೂಮಳೆಗೆ, ಸ್ಪ್ರಿಂಕ್ಲರ್‌ಗೆ ಅಂತ ಮುಂದೂಡ್ತಾ ಹೋಗ್ತಾರೆ.

ತಡೆಯಬಾರದ್ದು: ವಾರ ವಾರಕ್ಕೆ ಕಣ್ಣಿಗೆ ಕಾಣುವಷ್ಟು ಬೆಳೆಯುವ ಗಟ್ಟಿ ಗಂಟು, ಹೊಸದಾಗಿ ಸ್ವರ ಒಡೆದದ್ದು, ಮಲಗಿದರೆ ಉಸಿರು ಕಟ್ಟೋದು, ನುಂಗೋಕೆ ಆಗದಿರೋದು. ವಯಸ್ಸಾದವರಲ್ಲಿ ಇದು ಅನಾಪ್ಲಾಸ್ಟಿಕ್ (ಅತಿ ವೇಗದ ಥೈರಾಯ್ಡ್ ಕ್ಯಾನ್ಸರ್) ಇರಬಹುದು ಅಥವಾ ಹಶಿಮೊಟೊ ಇದ್ದ ಗ್ರಂಥಿಯಲ್ಲಿ ಹುಟ್ಟಿದ ಲಿಂಫೋಮಾ (ಬಿಳಿ ರಕ್ತಕಣದ ಕ್ಯಾನ್ಸರ್) ಇರಬಹುದು. ಎರಡೂ ಹೊರಗಿಂದ ಒಂದೇ ಥರ, ಚಿಕಿತ್ಸೆ ಉತ್ತರ ದಕ್ಷಿಣ. ಲಿಂಫೋಮಾಕ್ಕೆ ದಪ್ಪ ಸೂಜಿಯ ಕೋರ್ ಬಯಾಪ್ಸಿ ಮಾಡಿ ಕೀಮೋ, ಗ್ರಂಥಿ ತೆಗೆಯೋ ಆಪರೇಷನ್ ಸಾಮಾನ್ಯವಾಗಿ ಬೇಕಾಗಲ್ಲ. ಅನಾಪ್ಲಾಸ್ಟಿಕ್‌ಗೆ ಆ ವಾರವೇ ದೊಡ್ಡ ಕೇಂದ್ರ, ಉಸಿರಿನ ದಾರಿ ಭದ್ರ ಮಾಡೋದು, ಬಿಆರ್‌ಎಎಫ್ ಜೀನ್ ಪರೀಕ್ಷೆ. ಅಲ್ಲಿ ಕುಯ್ಲೂ ಇಲ್ಲ, ಪುತ್ತರಿ ಹಬ್ಬವೂ ಇಲ್ಲ.

ಕಾಫಿಕುಯ್ಲು
ಆಪರೇಷನ್ನೇ ಬೇಡ, ನೋಡ್ತಾ ಇರೋಣ ಅನ್ನೋದೂ ಉಂಟಂತೆ?

ಮಾಂದಲಪಟ್ಟಿ_ಹಾರ್ಮೋನ್
ಉಂಟು, ಆದರೆ 18 ಮಿ.ಮೀ.ಗೆ ಅಲ್ಲ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆ 1993ರಿಂದ 1 ಸೆಂ.ಮೀ. ಒಳಗಿನ, ಹರಡದ ಪ್ಯಾಪಿಲ್ಲರಿಗಳನ್ನು ಹೀಗೆ ನೋಡ್ತಾ ಬಂದಿದೆ. ಹತ್ತು ವರ್ಷದಲ್ಲಿ 3 ಮಿ.ಮೀ. ಅಥವಾ ಹೆಚ್ಚು ಬೆಳೆದದ್ದು ಸುಮಾರು ಶೇ 8, ನೋಡ್‌ಗೆ ಹೊಸದಾಗಿ ಹರಡಿದ್ದು ಶೇ 4ರ ಒಳಗೆ. ಅಂಥವರಿಗೆ ಆಮೇಲೆ ಆಪರೇಷನ್ ಮಾಡಿದರೂ ಒಳ್ಳೆಯದೇ ಆಗಿದೆ. ಷರತ್ತು: ಗಂಟು ಶ್ವಾಸನಾಳಕ್ಕೋ ಸ್ವರದ ನರಕ್ಕೋ ಅಂಟಿರಬಾರದು, ಆರಾರು ತಿಂಗಳಿಗೆ ಸ್ಕ್ಯಾನ್ ತಪ್ಪಿಸಬಾರದು. ಅಚ್ಚರಿ ಅಂದರೆ ವಯಸ್ಸಾದವರಿಗಿಂತ ಚಿಕ್ಕವರಲ್ಲೇ ಅದು ಬೆಳೆಯೋದು ಹೆಚ್ಚು.

ಬಿಸಿ ಸೂಜಿಯಿಂದ ಸುಡುವ ಆರ್‌ಎಫ್‌ಎ ಬಗ್ಗೆ ಮುಂದಿನ ಪ್ರಶ್ನೆ ಬರುತ್ತೆ ಅಂತ ಗೊತ್ತು. ಅದು ಮುಖ್ಯವಾಗಿ ಸಾಧು ಗಂಟಿಗೆ. 18 ಮಿ.ಮೀ. ಬೆಥೆಸ್ಡಾ 5ಕ್ಕೆ ಅದು ದಾರಿಯಲ್ಲ.

ವಾರ್ಡ್_ಸಿಸ್ಟರ್_ವಿರಾಜಪೇಟೆ
ಆಪರೇಷನ್ ಗೊತ್ತಾದ ಮೇಲಿನದ್ದು ನಾನು ಹೇಳ್ತೇನೆ.

ಮೊದಲು ಸ್ವರಪೆಟ್ಟಿಗೆ ಪರೀಕ್ಷೆ. ಇಎನ್‌ಟಿಯವರು ಮೂಗಿನಿಂದ ಸಣ್ಣ ಕ್ಯಾಮೆರಾ ಹಾಕಿ ಎರಡೂ ಸ್ವರತಂತು ಆಡ್ತಾ ಇವೆಯಾ ನೋಡ್ತಾರೆ, ಎರಡು ನಿಮಿಷದ ಕೆಲಸ. ಮಾತು ಸರಿ ಇದ್ದರೂ ಒಂದು ತಂತು ಮೊದಲೇ ನಿಂತಿರಬಹುದು, ಇನ್ನೊಂದು ಅದರ ಕೆಲಸವನ್ನೂ ಮಾಡ್ತಾ ಇರುತ್ತೆ. ಅದು ಗೊತ್ತಿಲ್ಲದೆ ಒಳ್ಳೆ ಬದಿಯ ನರಕ್ಕೆ ಪೆಟ್ಟಾದರೆ ಉಸಿರಿಗೇ ಕಷ್ಟ. ಇನ್ನು ಹಾಡುವವರು, ಪಾಠ ಹೇಳುವವರು, ತೋಟದ ಈ ತುದಿಯಿಂದ ಆ ತುದಿಗೆ ಕೂಗುವವರು ಅದನ್ನು ಸರ್ಜನ್‌ಗೆ ಮೊದಲೇ ಹೇಳಿ. ಮೇಲಿನ ಸಣ್ಣ ನರಕ್ಕೆ ಪೆಟ್ಟಾದರೆ ಮಾತಿಗೆ ಏನಾಗಲ್ಲ, ಎತ್ತರದ ಸ್ವರ ಹೊರಡಲ್ಲ.

ರಕ್ತ ತೆಳು ಮಾಡೋ ಮಾತ್ರೆ ಯಾವುದಿದ್ದರೂ ಹೆಸರು ಬರೆದುಕೊಂಡು ಬನ್ನಿ, ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದವರು ಮುಖ್ಯವಾಗಿ.

ಉಪವಾಸ ಅಂದರೆ ಎಲ್ಲರೂ ಎಡವೋದು ಕಾಫಿಯಲ್ಲಿ. ಸಾಮಾನ್ಯ ನಿಯಮ, ಘನ ಆಹಾರಕ್ಕೆ ಆರು ಗಂಟೆ, ತಿಳಿ ದ್ರವಕ್ಕೆ ಎರಡು ಗಂಟೆ. ಹಾಲು ಹಾಕಿದ ಕಾಫಿ ಊಟದ ಲೆಕ್ಕ, ಆರು ಗಂಟೆ. ಹಾಲಿಲ್ಲದ ಬೆಲ್ಲದ ಕಾಫಿ ಸೋಸಿದ್ದಾದರೆ ತಿಳಿ ದ್ರವ. ಆದರೂ ನಿಮ್ಮ ಅರಿವಳಿಕೆ ಡಾಕ್ಟರ್ ಹೇಳಿದ ಹೊತ್ತೇ ಕೊನೆ.

ಆಪರೇಷನ್ ಆದ ರಾತ್ರಿ ಜೊತೆಗಿರುವವರು ಮಲಗಬಾರದು, ಕುತ್ತಿಗೆ ನೋಡ್ತಾ ಇರಬೇಕು. ಗಾಯದ ಕೆಳಗೆ ಊತ ಬಿಗಿಯಾಗಿ ಏರೋದು, ರೋಗಿ ಕೂತೇ ಇರ್ತೇನೆ ಅನ್ನೋದು, ಸ್ವರ ಬದಲಾಗೋದು ಕಂಡರೆ ತಕ್ಷಣ ಸಿಸ್ಟರ್‌ನ ಕರೆಯಿರಿ. ಒಳಗೆ ರಕ್ತ ಕಟ್ಟಿದ ಲಕ್ಷಣ ಅದು. ನೂರರಲ್ಲಿ ಒಬ್ಬರಿಗೆ ಆಗೋದು, ಹೆಚ್ಚಾಗಿ ಮೊದಲ 24 ಗಂಟೆಯೊಳಗೆ. ಹಾಗಾದಾಗ ಹೊಲಿಗೆಯನ್ನು ವಾರ್ಡಿನಲ್ಲೇ ಬಿಚ್ಚಬೇಕಾಗುತ್ತೆ, ಹೆದರಬೇಡಿ, ಬಿಚ್ಚಿದರೇ ಉಸಿರು.

ಕ್ಯಾಲ್ಸಿಯಂ ಇಳಿಯೋದು ಮೊದಲು ತುಟಿ ಸುತ್ತ ಜುಮ್ಮೆನ್ನುತ್ತೆ, ಆಮೇಲೆ ಬೆರಳ ತುದಿ. ಮುಂದೆ ಹೋದರೆ ಹೆಬ್ಬೆರಳು ಅಂಗೈ ಒಳಗೆ ಮಡಚಿ, ಉಳಿದ ಬೆರಳು ನೆಟ್ಟಗೆ ಸೇರಿಕೊಂಡು, ಬಳೆ ತೊಡಿಸುವಾಗ ಕೈ ಹಿಡಿಯೋ ಹಾಗೆ ಕೈ ಸೆಟೆಯುತ್ತೆ. ಬಿಡಿಸೋಕೆ ಹೋಗಬೇಡಿ, ಆಸ್ಪತ್ರೆಗೆ ಬನ್ನಿ.

ಚೆಟ್ಟಳ್ಳಿ_ಔಷಧಿಅಂಗಡಿ
ಸಿಸ್ಟರ್ ಹೇಳಿದ್ದಕ್ಕೆ ಅಂಗಡಿ ಕಡೆಯಿಂದ ಒಂದು ಮಾತು. ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆ ಊಟದ ಜೊತೆ, ಅದಕ್ಕೆ ಹೊಟ್ಟೆಯ ಆಮ್ಲ ಬೇಕು. ಗ್ಯಾಸ್ಟ್ರಿಕ್‌ಗೆ ಅಂತ ದಿನಾ ಪ್ಯಾಂಟೊಪ್ರಜೋಲ್ ನುಂಗುವವರಿಗೆ ಅದು ಸರಿಯಾಗಿ ಹಿಡಿಯಲ್ಲ, ಸಿಟ್ರೇಟ್ ಬೇಕಾಗಬಹುದು. ಡಾಕ್ಟರಿಗೆ ಹೇಳಿ. ಜೊತೆಗೆ ಕೊಡುವ ಕ್ಯಾಲ್ಸಿಟ್ರಿಯಾಲ್ 0.25 ಮೈಕ್ರೋಗ್ರಾಂ ಕ್ಯಾಪ್ಸೂಲ್‌ಗೂ ವಾರಕ್ಕೊಮ್ಮೆ ನುಂಗೋ ವಿಟಮಿನ್ ಡಿಗೂ ವ್ಯತ್ಯಾಸ ಇದೆ. ಒಂದಿಲ್ಲ ಅಂತ ಇನ್ನೊಂದು ಕೊಡೋ ಹಾಗಿಲ್ಲ, ಕೇಳಲೂಬೇಡಿ.

ಆರೋಗ್ಯಮಿತ್ರ_ಡೆಸ್ಕ್
ಖರ್ಚಿನ ಬಗ್ಗೆ ಚುಟುಕಾಗಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ರೇಷನ್ ಕಾರ್ಡ್, ಆಧಾರ್ ಬೇಕು. ಖಾಸಗಿ ಆಸ್ಪತ್ರೆಗೆ ಹೋಗೋದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಮೊದಲು ಕೇಳಿ. ನಮಗೆ ಅದು ಮಡಿಕೇರಿಯ ಜಿಲ್ಲಾ ಆಸ್ಪತ್ರೆ, ಈಗ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ್ದು. ಮೊದಲು ದುಡ್ಡು ಕಟ್ಟಿ ಆಮೇಲೆ ವಾಪಸ್ ಕೇಳೋ ಯೋಜನೆ ಇದಲ್ಲ, ಒಪ್ಪಿಗೆ ಬಂದ ಮೇಲೇ ಅಡ್ಮಿಟ್ ಆಗಿ. ಒಪ್ಪಿಗೆ ಪತ್ರದಲ್ಲಿ ಅರ್ಧವೋ ಪೂರ್ತಿಯೋ ಅಂತ ಇರೋದನ್ನೂ ನಿಮ್ಮ ಡಾಕ್ಟರ್ ಹೇಳಿದ್ದನ್ನೂ ತಾಳೆ ನೋಡಿ. ಬೆಂಗಳೂರಿಗೇ ಹೋಗಬೇಕಾದರೆ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಸಂಸ್ಥೆ ಇದೆ.

ಕಾಫಿಕುಯ್ಲು
ಕಣಿಲೆ (ಎಳೆ ಬಿದಿರು) ತಿಂದು ಗಂಟು ಬಂತು ಅಂತಾರೆ, ಎಲೆಕೋಸು ಬಿಡಿ ಅಂತಾರೆ. ಮಳೆಗಾಲದಲ್ಲಿ ಕಣಿಲೆ ಇಲ್ಲದ ಮನೆ ಯಾವುದು ಇಲ್ಲಿ?

ಮಾಂದಲಪಟ್ಟಿ_ಹಾರ್ಮೋನ್
ಕಣಿಲೆಯಲ್ಲಿ ಸಯನೈಡ್ ಬಿಡುವ ವಸ್ತು ಇದೆ, ಅದು ದೇಹದಲ್ಲಿ ಥಯೋಸಯನೇಟ್ ಆಗಿ ಗ್ರಂಥಿಗೆ ಅಯೋಡಿನ್ ಹೋಗೋದನ್ನು ತಡೆಯುತ್ತೆ. ಅದಕ್ಕೇ ಹಿರಿಯರು ಹೆಚ್ಚಿ ನೀರಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ ಬೇಯಿಸೋದು. ಅಯೋಡಿನ್ ಕಡಿಮೆ ತಿನ್ನುವಲ್ಲಿ ದಿನಾ ತಿಂದರೆ ಗಳಗಂಡಕ್ಕೆ ದಾರಿ ಆದೀತು. ಅದಕ್ಕೂ 18 ಮಿ.ಮೀ. ಬೆಥೆಸ್ಡಾ 5 ಗಂಟಿಗೂ ಸಂಬಂಧ ಕಟ್ಟಬೇಡಿ. ಬಿಟ್ಟರೆ ಗಂಟು ಕರಗೋದೂ ಇಲ್ಲ.

ಉಪ್ಪಿನ ವಿಷಯ ಬೇರೆ. ರೇಡಿಯೋ ಅಯೋಡಿನ್ ಬೇಕು ಅಂತಾದರೆ ಮಾತ್ರ, ಅದಕ್ಕೂ ಮುಂಚೆ ಒಂದೆರಡು ವಾರ ಅಯೋಡಿನ್ ಕಮ್ಮಿ ಊಟ: ಅಯೋಡಿನ್ ಸೇರಿಸದ ಉಪ್ಪು ಮಾತ್ರ ಬಳಸೋದು; ಒಣಮೀನು, ಸಿಗಡಿ, ಹೋಟೆಲ್, ಬೇಕರಿ ಬಂದ್, ಹಾಲು ಮತ್ತು ಮೊಟ್ಟೆಯ ಹಳದಿ ಕಡಿಮೆ. ಅಕ್ಕಿ ಒಟ್ಟಿ, ಕಡಂಬುಟ್ಟು, ಹೊಸ ಮಾಂಸದ ಪಂದಿ ಕರಿ ಮನೆಯಲ್ಲೇ ಆ ಉಪ್ಪು ಹಾಕಿ ಮಾಡಿದ್ದಾದರೆ ತೊಂದರೆ ಇಲ್ಲ. ಆಪರೇಷನ್‌ಗೆ ಮುಂಚೆ ಇದ್ಯಾವುದೂ ಬೇಡ. ಅರ್ಧ ಮಾತ್ರ ತೆಗೆಸಿಕೊಂಡ ಕಡಿಮೆ ಅಪಾಯದವರಿಗೆ ರೇಡಿಯೋ ಅಯೋಡಿನ್ನೇ ಬೇಡ. ಪೂರ್ತಿ ತೆಗೆಸಿಕೊಂಡ ಕಡಿಮೆ ಅಪಾಯದವರಿಗೂ ಕೊಡದೆ ಬಿಟ್ಟರೆ ಮೂರು ವರ್ಷದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ 2022ರ ಫ್ರೆಂಚ್ ಅಧ್ಯಯನ ತೋರಿಸಿತು. ಕೊಟ್ಟರೆ ಕನಿಷ್ಠ ಆರು ತಿಂಗಳು ಗರ್ಭ ನಿಲ್ಲಬಾರದು, ಎದೆಹಾಲು ಕುಡಿಸ್ತಿದ್ದರೆ ಮುಂಚೆಯೇ ಬಿಡಿಸಬೇಕು. ಮಕ್ಕಳಾಗೋ ಆಲೋಚನೆ ಇರುವವರು ಇದನ್ನು ಆಪರೇಷನ್‌ಗೆ ಮುಂಚೆಯೇ ಕೇಳಿಕೊಳ್ಳಿ.

ಹದಿನೈದನೇ_ಬ್ಲೇಡ್
ಚೆಟ್ಟಳ್ಳಿಯವರೇ, ನಿಮ್ಮ ಮಾದರಿ ರೋಗಿ ನಾಳೆ ನನ್ನ ಮುಂದೆ ಕೂತರೆ: ಸ್ಲೈಡ್ ಮರುಪರಿಶೀಲನೆ, ನೋಡ್ ಮತ್ತು ಎಡ ಹಾಲೆಯ ಸ್ಕ್ಯಾನ್, ಸ್ವರತಂತು, ಕ್ಯಾಲ್ಸಿಟೋನಿನ್, ಕ್ಯಾಲ್ಸಿಯಂ, ವಿಟಮಿನ್ ಡಿ. ಎಲ್ಲ ಸ್ವಚ್ಛ ಬಂದರೆ ಬಲ ಹಾಲೆ ಮಾತ್ರ. ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಸೇರಿಸ್ತೇನೆ: "ಟೇಬಲ್ ಮೇಲೆ ಗ್ರಂಥಿಯಿಂದ ಹೊರಗೆ ಹರಡಿದ್ದು ಕಂಡರೆ ಅಥವಾ ನೋಡ್‌ನಲ್ಲಿ ಕ್ಯಾನ್ಸರ್ ಅಂತ ಫ್ರೋಜನ್ ಬಂದರೆ ಪೂರ್ತಿ ತೆಗೆಯಲು ಒಪ್ಪಿಗೆ ಇದೆ / ಇಲ್ಲ." ಇದೆ ಅನ್ನೋದಕ್ಕೋ ಇಲ್ಲ ಅನ್ನೋದಕ್ಕೋ ರೋಗಿಯೇ ಗುರುತು ಹಾಕಬೇಕು, ಮನೆಯವರಲ್ಲ. ಅರಿವಳಿಕೆಯಲ್ಲಿ ಮಲಗಿರುವಾಗ ಹೊರಗೆ ಬಂದು ಗಂಡನನ್ನೋ ಮಗನನ್ನೋ ಕೇಳಿ ನಿರ್ಧಾರ ಮಾಡಿಸೋ ಪದ್ಧತಿ ನನಗೆ ಹಿಡಿಸಲ್ಲ.

ಕಪ್ಪುಬಿಳುಪು
ಆ ಸಾಲು ಎಲ್ಲ ಆಸ್ಪತ್ರೆಯ ಫಾರಂನಲ್ಲೂ ಇರಬೇಕಿತ್ತು. ಇರಲ್ಲ. ಕೈಯಲ್ಲೇ ಬರೆಸಿಕೊಳ್ಳಬಹುದಾ?

ಹದಿನೈದನೇ_ಬ್ಲೇಡ್
ಧಾರಾಳವಾಗಿ. ಬರೆದ ಪಕ್ಕದಲ್ಲಿ ರೋಗಿ, ಸರ್ಜನ್ ಇಬ್ಬರದ್ದೂ ಸಹಿ, ತಾರೀಕು.

ಕಾಫಿಕುಯ್ಲು
ಕೊನೇದು. ಪೂರ್ತಿ ತೆಗೆದ ಮೇಲೆ ದಿನಾ ಥೈರಾಯ್ಡ್ ಮಾತ್ರೆ ಅಂದ್ರಲ್ಲ, ಬೆಳಿಗ್ಗೆ ಕಾಫಿ ಬಿಡಬೇಕಾ?

ಚೆಟ್ಟಳ್ಳಿ_ಔಷಧಿಅಂಗಡಿ
ಬಿಡಬೇಕಿಲ್ಲ ಅಣ್ಣ, ಹಿಂದೆ ಸರಿಸಬೇಕು. ಎದ್ದ ಕೂಡಲೇ ಬರೀ ನೀರಲ್ಲಿ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಹಾಲಿಲ್ಲದ ಕಾಫಿಯೂ ಲೆವೊಥೈರಾಕ್ಸಿನ್ ಹೀರೋದನ್ನು ತಡೆಯುತ್ತೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರ. ಪೂರ್ತಿ ತೆಗೆದವರಿಗೆ ಶುರುವಿನ ಡೋಸ್ ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ, 60 ಕಿಲೋ ಇದ್ದರೆ 100ರ ಆಸುಪಾಸು. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ಕಡಿಮೆಯಿಂದ. ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ನೋಡಿ ಡಾಕ್ಟರ್ ಸರಿಪಡಿಸ್ತಾರೆ.

ಇನ್ನೊಂದು, ಮಳೆಗಾಲದಲ್ಲಿ ತೇವ ಹಿಡಿಯುತ್ತೆ ಅಂತ ಮಾತ್ರೆ ಡಬ್ಬಿಯನ್ನು ಒಲೆ ಮೇಲಿನ ಅಟ್ಟದಲ್ಲಿ, ಒಣಮೀನು, ಕರಿಮೆಣಸಿನ ಪಕ್ಕ ಇಡ್ತಾರೆ. ಅಲ್ಲಿನ ಬಿಸಿಗೆ ಮಾತ್ರೆಯ ಸತ್ವ ಹೋಗುತ್ತೆ. ಟಿಎಸ್‌ಎಚ್ ಏರಿದೆ ಅಂತ ಬಂದವರಿಗೆ ಡೋಸ್ ಹೆಚ್ಚಿಸೋ ಮುಂಚೆ ನಾನು ಕೇಳೋದು ಡಬ್ಬಿ ಎಲ್ಲಿಟ್ಟಿದ್ದೀರಿ ಅಂತ. ಬಂದ ಡಬ್ಬಿಯಲ್ಲೇ, ಮುಚ್ಚಳ ಬಿಗಿ ಮಾಡಿ, ಮಲಗೋ ಕೋಣೆಯ ಬೀರುವಿನಲ್ಲಿ ಇಡಿ. ಒಳಗಿರೋ ತೇವ ಹೀರುವ ಸಣ್ಣ ಚೀಲ ಬಿಸಾಡಬೇಡಿ.